ಹಳೆಯ ಸೈಕಲಿಗೆ ಹೊಸ ಬಣ್ಣ ಬೇಡ

ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದ ಬಳಿ ಹಾದುಹೋಗುವ ಉಡುಪಿ–ಮಣಿಪಾಲ ರಸ್ತೆಯಲ್ಲಿ ಇಂದು ಸೈಕಲ್ ತುಳಿಯಲು ಧೈರ್ಯ ಬೇಕು. ಕೆಲವು ದಶಕಗಳ ಹಿಂದೆ ಸ್ಥಿತಿ ಬೇರೆ. ಅಂಚೆಯವರು, ಮಾಸ್ತರರು, ಗುಮಾಸ್ತರು, ಹಾರ್ನ್ ಒತ್ತುತ್ತ ಬರುವ ಮೀನಿನವರು, ಕಾಲೇಜಿನ ಹುಡುಗರು ಎಲ್ಲರಿಗೂ ಸೈಕಲೇ ವಾಹನ. ಕುಂಜಿಬೆಟ್ಟು, ಇಂದ್ರಾಳಿ ದಾಟಿ ಮಣಿಪಾಲದ ಏರು ಬಂತೆಂದರೆ ಇಳಿದು ತಳ್ಳಬೇಕು. ಬರುವಾಗ ಮಾತ್ರ ರಾಜಸವಾರಿ, ಬ್ರೇಕ್ ಹಿಡಿದರೆ ಸಾಕು.

ಆ ಸೈಕಲುಗಳಲ್ಲಿ ಕೆಲವು ಇನ್ನೂ ನಮ್ಮ ಮನೆಗಳಲ್ಲಿವೆ. ಹಟ್ಟಿಯ ಮೂಲೆಯಲ್ಲಿ, ಸೌದೆ ಕೊಟ್ಟಿಗೆಯಲ್ಲಿ, ಅಟ್ಟದ ಮೇಲೆ ತೆಂಗಿನ ಗರಿಗಳ ನಡುವೆ ಟೈರಿಲ್ಲದೆ ನಿಂತಿವೆ. ಮನೆ ಕೆಡವಿ ತಾರಸಿ ಕಟ್ಟುವಾಗ ಅವು ಗುಜರಿಗೆ ಹೋಗುತ್ತವೆ. ಹೋಗದೆ ಉಳಿದವಕ್ಕೆ ಇತ್ತೀಚೆಗೆ ಇನ್ನೊಂದು ಗತಿ ಬಂದಿದೆ: ಹೊಳೆಯುವ ಹಸುರೋ ಕೆಂಪೋ ಸ್ಪ್ರೇ ಬಣ್ಣ ಹೊಡೆಸಿ, ಮುಂದೆ ಹೂವಿನ ಬುಟ್ಟಿ ಕಟ್ಟಿ, ಹೋಟೆಲಿನ ಎದುರು ನಿಲ್ಲಿಸುವುದು. ಗುಜರಿಗಿಂತ ಇದು ವಾಸಿ ಎನ್ನುವವರಿದ್ದಾರೆ. ಚರಿತ್ರೆಯ ದೃಷ್ಟಿಯಿಂದ ಎರಡರಲ್ಲೂ ಹೆಚ್ಚು ಭೇದವಿಲ್ಲ ಎಂದೇ ನನ್ನ ಅಭಿಪ್ರಾಯ. ಹಳೆಯ ತಾಳೆಗರಿಯನ್ನು ಚೆಂದ ಕಾಣಲೆಂದು ಕೆರೆದು ಮೇಲೆ ಬಣ್ಣ ಬಳಿದರೆ ಆಗುವುದೇನೋ ಇಲ್ಲೂ ಅದೇ ಆಗುತ್ತದೆ. ಏಕೆಂದರೆ ಸೈಕಲಿನ ಮೈಮೇಲೆ ಓದುವುದಕ್ಕೆ ಬಹಳವಿದೆ.

ಇಂದು ನಾವು ಸೈಕಲ್ ಎನ್ನುವ ಆಕಾರಕ್ಕೆ ಮೂಲ 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜೆ.ಕೆ. ಸ್ಟಾರ್ಲಿ ತಯಾರಿಸಿದ ‘ರೋವರ್’. ಎರಡೂ ಚಕ್ರ ಹೆಚ್ಚುಕಡಿಮೆ ಸಮ, ಹಿಂದಿನ ಚಕ್ರಕ್ಕೆ ಚೈನು. ಮೂರು ವರ್ಷದ ಬಳಿಕ, 1888ರಲ್ಲಿ, ಬೆಲ್‌ಫಾಸ್ಟಿನಲ್ಲಿದ್ದ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅದೇ ದಶಕದಲ್ಲಿ ನಾಟಿಂಗ್‌ಹ್ಯಾಮಿನ ರ್‍ಯಾಲಿ ಸ್ಟ್ರೀಟಿನಲ್ಲಿ ಆರಂಭವಾದ ಕಂಪೆನಿಗೆ ಆ ಬೀದಿಯ ಹೆಸರೇ ಉಳಿಯಿತು. ರ್‍ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ., ಹಂಬರ್, ರಡ್ಜ್, ಫಿಲಿಪ್ಸ್ ಮುಂತಾದ ಹೆಸರುಗಳು ಹಡಗಿನಲ್ಲಿ ಭಾರತಕ್ಕೆ ಬಂದವು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆಗಳಿಗೆ ಸೇತುವೆಗಳಾಗುವ ಮೊದಲು ಕಡವಿನಲ್ಲಿ ಸೈಕಲನ್ನೂ ದೋಣಿಗೆ ಏರಿಸಿ ದಾಟಿಸಬೇಕಾಗಿತ್ತು.

ಸ್ವಾತಂತ್ರ್ಯದ ಬಳಿಕ ಆಮದಿಗೆ ತಡೆ ಬಂತು, ಇಲ್ಲೇ ಕಾರ್ಖಾನೆಗಳಾದವು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಗಿ ಹರ್ಕ್ಯುಲಿಸ್ ಅಂಬತ್ತೂರಿನದಾಯಿತು. 1950ರ ದಶಕದಲ್ಲಿ ಬಂಗಾಳದ ಆಸನ್‌ಸೋಲಿನಲ್ಲಿ ಸೆನ್–ರ್‍ಯಾಲಿ, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಹೀಗಾಗಿ ‘ಅಜ್ಜನ ಇಂಗ್ಲೆಂಡ್ ಸೈಕಲ್’ ಎಂದು ಮನೆಯವರು ಹೇಳುವುದು ಹಲವು ಬಾರಿ ಆಸನ್‌ಸೋಲಿನದೋ ಮದ್ರಾಸಿನದೋ ಆಗಿರುತ್ತದೆ. ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಸ್ವತಂತ್ರ ಭಾರತ ಕಬ್ಬಿಣದ ಕೊಳವೆ ಬೆಸೆದು ಚಕ್ರ ಕಟ್ಟಲು ಕಲಿತ ದಿನಗಳ ಸಾಕ್ಷಿ ಅದು.

ಯಾವ ಸೈಕಲ್ ಎಲ್ಲಿಯದು ಎಂದು ತಿಳಿಯುವುದು ಹೇಗೆ? ಮೊದಲು ಹ್ಯಾಂಡಲಿನ ಕೆಳಗಿರುವ ಲೋಹದ ಬಿಲ್ಲೆ ನೋಡಬೇಕು. ಬಳಿಕ ಪೆಡಲಿನ ದೊಡ್ಡ ಹಲ್ಲುಚಕ್ರ. ರ್‍ಯಾಲಿಯದರಲ್ಲಿ ಬಕಪಕ್ಷಿಯ ತಲೆ, ರಡ್ಜಿನದರಲ್ಲಿ ಅಂಗೈ, ಹಂಬರಿನದರಲ್ಲಿ ಮನುಷ್ಯಾಕೃತಿಗಳು ಕತ್ತರಿಸಿರುತ್ತವೆ. ಬಿ.ಎಸ್.ಎ.ಯ ಗುರುತು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕು. ಅದು ಮೂಲತಃ ಬಂದೂಕಿನ ಕಂಪೆನಿ. ಹಿಂದಿನ ಚಕ್ರದಲ್ಲಿ ಸ್ಟರ್ಮಿ–ಆರ್ಚರ್ ಗೇರ್ ಇದ್ದರೆ ಅದೃಷ್ಟ: ಯುದ್ಧಾನಂತರದವುಗಳ ಹಬ್ಬಿನ ಮೇಲೆ ತಯಾರಾದ ವರ್ಷವನ್ನು ಅಂಕೆಯಲ್ಲಿ ಒತ್ತಿರುತ್ತಾರೆ. ಸೀಟಿನ ಬಳಿಯೋ ಪೆಡಲಿನ ಅಡಿಯಲ್ಲೋ ಇರುವ ಫ್ರೇಮ್ ನಂಬರನ್ನು ಬರೆದಿಟ್ಟುಕೊಳ್ಳಬೇಕು. ಪುರಸಭೆ, ಪಂಚಾಯತಿಗಳು ಸೈಕಲಿಗೂ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದ ಕಾಲವಿತ್ತು. ಅದಿಲ್ಲದೆ, ಅಥವಾ ರಾತ್ರಿ ದೀಪವಿಲ್ಲದೆ ಹೋಗಿ ಪೊಲೀಸರ ಕೈಗೆ ಸಿಕ್ಕಿದವರ ಕಥೆಗಳು ಊರಲ್ಲಿ ಬೇಕಾದಷ್ಟಿವೆ. ಆ ಬಿಲ್ಲೆ ಇನ್ನೂ ಫ್ರೇಮಿಗೆ ಅಂಟಿಕೊಂಡಿದ್ದರೆ ಅದನ್ನು ಕೀಳಬೇಡಿ, ಹುಣಸೆಹುಳಿ ಹಾಕಿ ತಿಕ್ಕಲೂ ಬೇಡಿ.

ಇನ್ನು ಜೀವ ತುಂಬುವ ಕೆಲಸ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಚಿತ್ರ ತೆಗೆಯಬೇಕು. ಬಿಚ್ಚಿದ ಒಂದೊಂದು ನಟ್ಟು, ವಾಷರನ್ನು ಚೀಟಿ ಬರೆದು ಡಬ್ಬಿಯಲ್ಲಿಡಬೇಕು. ಮಣ್ಣು, ಗ್ರೀಸು ಹೋಗಲು ಸೀಮೆಎಣ್ಣೆ ಮತ್ತು ಹತ್ತಿ ಬಟ್ಟೆ ಸಾಕು. ಥಿನ್ನರ್ ತಾಗಿಸಿದರೆ ಚಿನ್ನದ ಬಣ್ಣದ ಗೆರೆಗಳೂ ಕಂಪೆನಿಯ ಹೆಸರಿನ ಚಿತ್ರವೂ ಕ್ಷಣದಲ್ಲಿ ಅಳಿಸುತ್ತವೆ, ಮತ್ತೆ ಬರುವುದಿಲ್ಲ. ಕ್ರೋಮಿನ ಮೇಲಿನ ತುಕ್ಕಿಗೆ ಮರಳುಕಾಗದ ಬೇಡ. ಅಲ್ಯುಮಿನಿಯಮ್ ಹಾಳೆಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಹೆಚ್ಚಿನದು ಹೋಗುತ್ತದೆ. ಹ್ಯಾಂಡಲ್ ಕಪ್ಪಾಗಿದ್ದರೆ ಯಾರೋ ಬಳಿದ ಬಣ್ಣ ಎಂದು ಕೆರೆಯಲು ಹೊರಡಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹದ ಕೊರತೆಯಿಂದ ಹೊಳಪು ಲೇಪನದ ಬದಲು ಕಾರ್ಖಾನೆಯಲ್ಲೇ ಕಪ್ಪು ಬಣ್ಣ ಕೊಟ್ಟ ಸೈಕಲುಗಳಿದ್ದವು.

ಕ್ರ್ಯಾಂಕಿನ ಕಾಟರ್ ಪಿನ್ನು ಬಹಳ ಸೈಕಲುಗಳನ್ನು ಹಾಳುಮಾಡಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ಊರು ನಮ್ಮದು, ಪಿನ್ನು ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ಮೂರು ದಿನ ಬಿಡಬೇಕು. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗಿ ನಿಲ್ಲಿಸಿ, ಕ್ರ್ಯಾಂಕಿನ ಅಡಿಗೆ ಗಟ್ಟಿ ಕೊಳವೆಯ ಆಧಾರ ಕೊಟ್ಟು, ಒಂದೇ ನೇರ ಪೆಟ್ಟು ಹೊಡೆಯಬೇಕು. ಆಧಾರವಿಲ್ಲದೆ ಹತ್ತು ಪೆಟ್ಟು ಹೊಡೆದರೆ ಒಳಗಿನ ಗುಂಡು, ಕಪ್ಪು ಎಲ್ಲ ಕೆಡುತ್ತವೆ. ಎಡ ಪೆಡಲು ಬಿಚ್ಚುವುದು ಉಲ್ಟಾ ದಿಕ್ಕಿಗೆ. ರ್‍ಯಾಲಿಯವರ ಥ್ರೆಡ್ ಬೇರೆಯೇ: ಇಂಚಿಗೆ 26 ಸುತ್ತು, ಬೇರೆ ಬ್ರಿಟಿಷ್ ಸೈಕಲುಗಳದ್ದು ಸಾಮಾನ್ಯವಾಗಿ 24. ಆದ್ದರಿಂದ ಬೇರೆ ಕಂಪೆನಿಯ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಕೆಟ್ಟಂತೆ. ಈ ವಿಚಾರ ಇಂಟರ್‌ನೆಟ್‌ಗಿಂತ ಮೊದಲು ನಮ್ಮ ಸೈಕಲ್ ಶಾಪಿನ ಹಿರಿಯ ಮೇಸ್ತ್ರಿಗಳಿಗೆ ಕೈಯಲ್ಲೇ ಗೊತ್ತಿತ್ತು.

ಒಂದು ಅನುಕೂಲ ನಮ್ಮ ದೇಶದಲ್ಲಿದೆ. 28×1½ ಅಳತೆಯ ಟೈರು, ಟ್ಯೂಬು, ರಾಡ್ ಬ್ರೇಕಿನ ರಬ್ಬರ್ ಇಲ್ಲಿ ಇಂದಿಗೂ ತಯಾರಾಗುತ್ತವೆ. ಸವೆಯುವ ವಸ್ತುಗಳನ್ನು ಹೊಸದು ಹಾಕುವುದರಲ್ಲಿ ತಪ್ಪಿಲ್ಲ. ತೆಗೆದ ಹಳೆಯದನ್ನು ಎಸೆಯದಿದ್ದರೆ ಆಯಿತು. ಬ್ರೂಕ್ಸಿನ ಚರ್ಮದ ಸೀಟು ಇದ್ದರೆ ಎಣ್ಣೆಯಲ್ಲಿ ನೆನೆಸಬಾರದು. ಬೂಷ್ಟು ಒರಸಿ, ನೆರಳಲ್ಲಿ ಆರಿಸಿ, ತುಸು ಮೇಣ ಸವರಬೇಕು. ಇನ್ನು ತೆಂಗಿನೆಣ್ಣೆ ತಲೆಗೇ ಇರಲಿ, ಚೈನಿಗೆ ಬೇಡ. ಧೂಳು ಕೂತು ಅಂಟಾಗುತ್ತದೆ.

ಹಿಂದೆ ಯಾರೋ ಬೆಸೆದ ಕ್ಯಾರಿಯರ್, ಮಗುವನ್ನು ಕೂರಿಸಲು ಅಡ್ಡಪಟ್ಟಿಗೆ ಬಿಗಿದ ಪುಟ್ಟ ಸೀಟು, ಮಡ್‌ಗಾರ್ಡಿನ ಮೇಲೆ ಪೇಂಟರ್ ಬರೆದ ಹೆಸರು ಇವೆಲ್ಲ ಕಾರ್ಖಾನೆಯಿಂದ ಬಂದವಲ್ಲ. ವಿದೇಶದ ಕೆಲವು ಸಂಗ್ರಾಹಕರು ಇವನ್ನು ತೆಗೆದುಹಾಕಿ ‘ಮೂಲ’ಕ್ಕೆ ಮರಳಿಸುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ನಾಟಿಂಗ್‌ಹ್ಯಾಮಿನಿಂದ ಹೊರಟ ದಿನದ ಸೈಕಲ್ ನೋಡಲು ನಾಟಿಂಗ್‌ಹ್ಯಾಮಿಗೆ ಹೋಗಬಹುದು. ಕಡಿಯಾಳಿಯಲ್ಲಿ ಅದು ಬದುಕಿದ ಐವತ್ತು ವರ್ಷವನ್ನು ನೋಡಬೇಕಾದರೆ ಇಲ್ಲಿಯೇ ನೋಡಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಅದೇ ಕಂಬ, ಅದೇ ತೊಲೆಗಳಿಂದ ಮರಳಿ ಎಬ್ಬಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ಕಂಬದ ಮೇಲಿನ ಕೈಯ ಸವಕಳಿಗೂ ಬೆಲೆಯುಂಟೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ.

ನಮ್ಮ ಶಾಲೆಗೆ ಈ ವಿಷಯದಲ್ಲಿ ಒಂದು ಕೆಲಸವಿದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು, ಮೊದಲು ಹೆಣ್ಣುಮಕ್ಕಳಿಗೆ, ಬಳಿಕ ಗಂಡುಮಕ್ಕಳಿಗೂ. ಮನೆಯಲ್ಲಿ ಸ್ವಂತ ವಾಹನವೆಂಬುದೇ ಇಲ್ಲದ ಎಷ್ಟೋ ಹುಡುಗಿಯರು ಅಂದು ತಮ್ಮದೇ ಸೈಕಲಿನಲ್ಲಿ ಶಾಲೆಗೆ ಬಂದರು. ಆ ಸೈಕಲುಗಳು ಈಗ ಒಂದೊಂದಾಗಿ ಗುಜರಿ ಸೇರುತ್ತಿವೆ. ಅಗ್ಗದವು, ಎಲ್ಲೆಡೆ ಇರುವವು ಎಂಬ ಕಾರಣಕ್ಕೆ ಯಾರೂ ತೆಗೆದಿಡುವುದಿಲ್ಲ. 1950ರಲ್ಲಿ ರ್‍ಯಾಲಿಯೂ ನಮ್ಮಜ್ಜಂದಿರಿಗೆ ತೆಗೆದಿಡುವ ವಸ್ತುವಾಗಿ ಕಂಡಿರಲಿಲ್ಲ. ಹಳೆವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಆ ಮೊದಲ ವರ್ಷಗಳ ಸೈಕಲ್ ಉಳಿದಿದ್ದರೆ, ತೊಳೆಯದೆ, ಬಣ್ಣ ಹೊಡೆಸದೆ, ಇದ್ದ ಹಾಗೆಯೇ ಶಾಲೆಗೆ ತಂದುಕೊಡಿ. ಜತೆಗೆ ಒಂದು ಹಾಳೆಯಲ್ಲಿ ಯಾರು ತುಳಿದರು, ಎಲ್ಲಿಂದ ಎಲ್ಲಿಗೆ, ಎಷ್ಟು ವರ್ಷ, ಯಾವ ಭಾಗ ಬದಲಾಯಿಸಿದ್ದು ಎಂದು ಬರೆದು, ಸೀಟಿನ ಕೆಳಗೆ ಕಟ್ಟಿ ಕಳಿಸಿ.