ಕಪನೂರಿನ ಬೇಳೆಯ ಗಿರಣಿಗಳೂ ಅಳತೆಯ ಚರಿತ್ರೆಯೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿರುವ ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ತೊಗರಿಬೇಳೆಯ ಗಿರಣಿಗಳು ಹಲವಿರುವುವು. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯು ದೊರೆತುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಕೈಗಾರಿಕೆಗಳಲ್ಲಿ ಡಿಜಿಟಲ್ ಪದ್ಧತಿಯು ಕೆಲವೆಡೆ ಬೇಗನೆ ಬೇರೂರಿ ಕೆಲವೆಡೆ ತಡೆದು ನಿಲ್ಲುವುದೇಕೆ ಎಂದು ಕೇಳಿದರೆ, ಬಂಡವಾಳದ ಕೊರತೆ, ತಿಳಿವಳಿಕೆಯ ಕೊರತೆ ಎಂದು ಉತ್ತರ ಕೊಡುವುದು ವಾಡಿಕೆ. ಈ ಉತ್ತರಗಳು ಸುಳ್ಳಲ್ಲ, ಆದರೆ ಸಾಲವು. ಅಳತೆಯು ಎಲ್ಲಿ ಮೊದಲೇ ಸರ್ವಸಮ್ಮತವಾಗಿದ್ದಿತೋ ಅಲ್ಲಿ ಈ ಪದ್ಧತಿಯು ಸುಲಭವಾಗಿ ಪ್ರವೇಶಿಸಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಲೆಕ್ಕದ ವಿಷಯ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಹಾಲಿ ಸಿಕ್ಕಾ ರೂಪಾಯಿಯು ಬೇರೆ, ಬ್ರಿಟಿಷ್ ಇಂಡಿಯದ ರೂಪಾಯಿಯು ಬೇರೆ. ಹಾಲಿಯ 7 ರೂಪಾಯಿಗಳು ಎರಡನೆಯದರ 6ಕ್ಕೆ ಸುಮಾರಾಗಿ ಸಮನಾಗಿದ್ದುವು. ತೂಕವು ಸೇರು ಮಣಗಳಲ್ಲಿ ನಡೆಯುತ್ತಿದ್ದಿತು. 1956ರ ನವೆಂಬರ್ 1ರಂದು ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯವು ಬಂದಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಕ್ರಮಕ್ರಮವಾಗಿ ನೆಲೆಗೊಂಡಿತು. ಆದುದರಿಂದ 2017ರ ಜುಲೈ 1ರಂದು ಜಿ.ಎಸ್.ಟಿ.ಯೂ, 2018ರಲ್ಲಿ ಸರಕುಸಾಗಣೆಯ ಇ-ವೇ ಬಿಲ್ಲೂ ಬಂದಾಗ ಗಿರಣಿಯವನು ಹೊಸ ಎಣಿಕೆಯನ್ನು ಕಲಿಯಬೇಕಾಗಲಿಲ್ಲ. ಬರೆಯುವ ಪುಸ್ತಕವಷ್ಟೇ ಬದಲಾಯಿತು. ಶಾಸನದ ಒತ್ತಾಯವು ಇಲ್ಲಿ ಫಲಿಸಿದುದಕ್ಕೆ ಅರುವತ್ತು ವರುಷಗಳ ಹಿಂದಿನ ಸಿದ್ಧತೆಯೂ ಒಂದು ಕಾರಣವೆನ್ನಬೇಕು.

ಗಿರಣಿಯ ಒಳಗೂ ಇದೇ ನ್ಯಾಯವು ಕಂಡುಬರುವುದು. ಬಣ್ಣ ನೋಡಿ ಬೇರ್ಪಡಿಸುವ ಯಂತ್ರದಲ್ಲಿ ಕಾಳುಗಳು ಇಳಿಜಾರಿನ ಕಾಲುವೆಯಿಂದ ಜಾರಿ ಬೀಳುತ್ತಿರುವಾಗ ಕ್ಯಾಮರಾವು ಒಂದೊಂದನ್ನೂ ನೋಡುತ್ತದೆ. ಗೊತ್ತುಮಾಡಿದ ಬಣ್ಣಕ್ಕೆ ಹೊಂದದ ಕಾಳನ್ನು ಒತ್ತಿದ ಗಾಳಿಯು ಕ್ಷಣಮಾತ್ರದಲ್ಲಿ ಹೊರಕ್ಕೆ ತಳ್ಳುತ್ತದೆ. ಹಿಂದೆ ಹೆಂಗಸರು ಮೊರ ಹಿಡಿದು ಮಾಡುತ್ತಿದ್ದ ಕೆಲಸವಿದು. ಒಳ್ಳೆಯ ಬೇಳೆಯ ಬಣ್ಣವು ಯಾವುದೆಂಬುದರಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಭೇದವಿರಲಿಲ್ಲವಾದುದರಿಂದ ಯಂತ್ರಕ್ಕೆ ಅದನ್ನು ಕಲಿಸುವುದು ಸಾಧ್ಯವಾಯಿತು.

ಆದರೆ ಇದಕ್ಕೂ ಹಿಂದಿನ ಹಂತವನ್ನು ನೋಡಿರಿ. ತೊಗರಿಯ ಸಿಪ್ಪೆಯು ಅಂಟಿನಿಂದ ಬಿಗಿಯಾಗಿ ಹತ್ತಿಕೊಂಡಿರುವುದು. ಅದನ್ನು ಸಡಿಲಿಸಲು ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಕಣದಲ್ಲಿ ಬಿಸಿಲಿಗೆ ಹರಡುವುದು ಹಳೆಯ ಕ್ರಮ. ಕಾಳು ಎಷ್ಟು ಒಣಗಿತೆಂಬುದನ್ನು ಅನುಭವಸ್ಥನ ಹಲ್ಲೂ ಅಂಗೈಯೂ ಹೇಳುವುವು. ಬಿಸಿಲನ್ನು ನೆಚ್ಚದೆ ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸುವ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ರೂಪಿಸಿರುವುದು. ಆದರೂ ಬಿಸಿಲಿಗೆ ಬೆಲೆಯಿಲ್ಲ, ಇಂಧನಕ್ಕೆ ಬೆಲೆಯುಂಟು. ಹದದ ಅಳತೆಯನ್ನು ಅಂಕದಲ್ಲಿ ಬರೆದಿಡದ ಗಿರಣಿಯಲ್ಲಿ ಎಷ್ಟು ನುಚ್ಚು ಉಳಿಯಿತು, ಎಷ್ಟು ಬೇಳೆ ಹೆಚ್ಚಿತು ಎಂಬ ಲಾಭವನ್ನು ತೋರಿಸಿಕೊಡುವುದೇ ಕಷ್ಟ. ಕಾಣದ ಲಾಭಕ್ಕೆ ಸಾಲ ಮಾಡುವವರಾರು?

ಮಾರುಕಟ್ಟೆಯ ಕಥೆಯೂ ಇಂತಹುದೇ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆಯ ಗಣಕವ್ಯವಸ್ಥೆಯೂ, 2016ರಲ್ಲಿ ಕೇಂದ್ರದ ಇ-ನಾಮ್ ವ್ಯವಸ್ಥೆಯೂ ಆರಂಭವಾದುವು. ಬೆಲೆಯನ್ನು ಗಣಕದಲ್ಲಿ ಕೂಗುವುದು ಸುಲಭ. ರಾಶಿಯ ತೇವ, ಕಸ, ಹುಳುಕುಗಳನ್ನು ಪರೀಕ್ಷಿಸಿ ಅಂಕದಲ್ಲಿ ಹೇಳದಿದ್ದರೆ ದೂರದ ಖರೀದಿದಾರನು ಅದನ್ನು ನಂಬನು. ಆಗ ಎದುರಿಗೆ ನಿಂತು ಕಾಳನ್ನು ಹಿಡಿಯಲ್ಲಿ ತೆಗೆದು ನೋಡುವವನೇ ಕೊಳ್ಳುವವನಾಗಿ ಉಳಿಯುವನು.

ಇದರಿಂದ ತಿಳಿಯುವುದೇನೆಂದರೆ, ಗಿರಣಿಗೆ ಡಿಜಿಟಲ್ ಪದ್ಧತಿಯು ಲೆಕ್ಕದ ಕೋಣೆಯಿಂದಲೂ ಚೀಲ ಕಟ್ಟುವ ಕೊನೆಯಿಂದಲೂ ಸುಲಭವಾಗಿ ಪ್ರವೇಶಿಸುವುದು. ನಡುವಣ ಕಣವು ಹೊರಗುಳಿಯುವುದು. ಆ ಕಣದಲ್ಲಿರುವುದು ಅಜ್ಞಾನವಲ್ಲ, ಬರೆಯದ ಜ್ಞಾನ. ಹದವನ್ನು ಬಲ್ಲ ಕೆಲಸಗಾರರು ವೃದ್ಧರಾಗಿ ಮನೆ ಸೇರುವ ಮೊದಲು ಅವರ ಮಾತನ್ನೂ ಅಳತೆಯನ್ನೂ ದಾಖಲಿಸಿದರೆ ಹೊಸ ಯಂತ್ರಕ್ಕೆ ಅದುವೇ ಪಾಠವಾದೀತು. ದಾಖಲಿಸದೆ ಯಂತ್ರವನ್ನು ಮಾತ್ರ ತಂದರೆ ಹಳೆಯ ಹದವೂ ಹೋಗಿ ಹೊಸದೂ ಕೈಗೂಡದೆ ಇರುವ ಸಂಭವವುಂಟು.