ಜೇಬಿಗೆ ಬಂದ ಕುದುರೆ ಲೆಕ್ಕ

ಕೊಳವೆಬಾವಿಗೆ ಮೋಟರ್ ಕೊಳ್ಳುವ ರೈತನಿಗೆ ಐದು ಎಚ್.ಪಿ., ಏಳೂವರೆ ಎಚ್.ಪಿ. ಎಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಮೋಟರಿನ ತಾಕತ್ತು ಪೈಪಿನ ಬಾಯಲ್ಲೇ ಕಾಣುತ್ತದೆ. ಕಾರಿನ ವಿಷಯ ಹಾಗಲ್ಲ. ಹೊಸ ಸೈಲೆನ್ಸರ್, ಹೊಸ ಏರ್ ಫಿಲ್ಟರ್ ಹಾಕಿಸಿ, ಸಾವಿರಾರು ರೂಪಾಯಿ ತೆತ್ತು ಗ್ಯಾರೇಜಿನಿಂದ ಹೊರಬಂದ ಮಾಲೀಕನಿಗೆ ಕಾರು ಮೊದಲಿಗಿಂತ ಚುರುಕಾದಂತೆ ಅನಿಸುತ್ತದೆ. ಸದ್ದಂತೂ ಹೆಚ್ಚಾಗಿರುತ್ತದೆ. ಆದರೆ ಶಕ್ತಿ ನಿಜಕ್ಕೂ ಹೆಚ್ಚಿದೆಯೇ?

ಈ ಪ್ರಶ್ನೆಗೆ ಉತ್ತರ ಹೇಳುತ್ತೇವೆ ಎನ್ನುವ ಅಂಗೈಯಗಲದ ಉಪಕರಣಗಳು ಈಗ ಹಲವು ಇವೆ. ಅವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದನ್ನು ತಿಳಿಯಬೇಕಾದರೆ ಅವು ನಡೆದುಬಂದ ದಾರಿಯನ್ನು ಒಮ್ಮೆ ನೋಡಬೇಕು. ಆ ದಾರಿ ಶುರುವಾಗುವುದು ಕಾರಿನಿಂದಲ್ಲ, ಕುದುರೆಯಿಂದ.

ವ್ಯಾಪಾರಿಯ ಅಳತೆಗೋಲು

1780ರ ದಶಕದಲ್ಲಿ ಜೇಮ್ಸ್ ವ್ಯಾಟ್‌ನಿಗೆ ಒಂದು ವ್ಯಾಪಾರದ ತೊಡಕು ಎದುರಾಯಿತು. ಗಣಿಗಳಲ್ಲಿ ಹಳೆಯ ಉಗಿ ಯಂತ್ರದ ಬದಲು ತನ್ನ ಯಂತ್ರ ಹಾಕಿದವರಿಂದ, ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನು ಆತ ಪಡೆಯುತ್ತಿದ್ದ. ಆದರೆ ಕುದುರೆಗಳಿಂದ ಗಿರಣಿ ತಿರುಗಿಸುತ್ತಿದ್ದವರ ಬಳಿ ಉಳಿಸಲು ಕಲ್ಲಿದ್ದಲೇ ಇರಲಿಲ್ಲ. ತನ್ನ ಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂದು ಅವರಿಗೆ ಹೇಳಬೇಕಾಯಿತು. ಒಂದು ನಿಮಿಷದಲ್ಲಿ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವುದೇ ಒಂದು ಅಶ್ವಶಕ್ತಿ ಎಂದು ವ್ಯಾಟ್ ನಿಗದಿ ಮಾಡಿದ. ದಿನವಿಡೀ ಅಷ್ಟು ದುಡಿಯುವ ಕುದುರೆ ಸಿಗುವುದು ಕಷ್ಟ. ಆದರೂ ಲೆಕ್ಕ ನಿಂತಿತು.

ಅದನ್ನು ಅಳೆಯುವ ಸಾಧನ ಬಂದದ್ದು 1821ರಲ್ಲಿ. ಫ್ರಾನ್ಸಿನ ಎಂಜಿನಿಯರ್ ಗಾಸ್ಪಾರ್ ದ ಪ್ರೋನಿ, ತಿರುಗುವ ದಂಡಕ್ಕೆ ಮರದ ತುಂಡುಗಳನ್ನು ಬಿಗಿದು, ಅದರ ಸೆಳೆತವನ್ನು ಉದ್ದನೆಯ ಸನ್ನೆಕೋಲಿನ ತುದಿಯ ತೂಕದಿಂದ ಅಳೆದ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಮರದ ಬದಲು ನೀರಿನ ತಡೆಯನ್ನು ಬಳಸಿದ. ಇಂದಿನ ಡೈನಮೋಮೀಟರ್‌ಗಳಿಗೆ ಇವೇ ಮೂಲ. ನಿಖರತೆಯಲ್ಲಿ ಅವುಗಳದ್ದು ದೊಡ್ಡ ಹೆಸರು. ಆದರೆ ಅವು ಕಾರ್ಖಾನೆಯ ನೆಲಕ್ಕೆ ಬೇರೂರಿದ ಯಂತ್ರಗಳು. ಸಾಮಾನ್ಯ ಮಾಲೀಕ ಅಚ್ಚಾದ ಅಂಕಿಯನ್ನೇ ನಂಬಬೇಕಾಗಿತ್ತು.

ಕಾಗದದ ಕುದುರೆಗಳು

ಆ ನಂಬಿಕೆ ಎಷ್ಟು ದುಬಾರಿಯಾಗಿತ್ತು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಬ್ರಿಟನ್ನಿನಲ್ಲಿ 1910ರಿಂದ ಕಾರಿನ ತೆರಿಗೆಗೆ ಎಂಜಿನ್ನಿನ ನಿಜ ಶಕ್ತಿಯನ್ನು ಅಳೆಯುತ್ತಿರಲಿಲ್ಲ. ಸಿಲಿಂಡರಿನ ಅಗಲ ಮತ್ತು ಸಂಖ್ಯೆಯಿಂದ ಸೂತ್ರದ ಮೂಲಕ ಲೆಕ್ಕ ಹಾಕುತ್ತಿದ್ದರು. ತಯಾರಕರು ತೆರಿಗೆ ತಪ್ಪಿಸಲು ಸಿಲಿಂಡರನ್ನು ಕಿರಿದಾಗಿಸಿ ಉದ್ದ ಮಾಡಿದರು. ಆಸ್ಟಿನ್ ಸೆವೆನ್ ಕಾರಿನ ಹೆಸರಿನಲ್ಲಿರುವ ಏಳು, ಎಂಜಿನ್ನಿನದಲ್ಲ, ತೆರಿಗೆಯ ಕುದುರೆ.

ಅಮೆರಿಕದಲ್ಲಿ 1971ರವರೆಗೆ ಎಂಜಿನ್ನನ್ನು ಕಾರಿನಿಂದ ಹೊರತೆಗೆದು, ಅದರ ಶಕ್ತಿ ಹೀರುವ ಭಾಗಗಳನ್ನು ಕಳಚಿ ಅಳೆದ ಅಂಕಿಯನ್ನೇ ಜಾಹೀರಾತಿನಲ್ಲಿ ಹಾಕುತ್ತಿದ್ದರು. 1972ರಲ್ಲಿ ಎಲ್ಲ ಭಾಗಗಳೂ ಇದ್ದಂತೆಯೇ ಅಳೆಯುವ ಪದ್ಧತಿ ಬಂತು. ಕ್ಯಾಡಿಲ್ಯಾಕ್ ಎಲ್ಡೊರಾಡೊ ಕಾರಿನ ಶಕ್ತಿ ಒಂದೇ ವರ್ಷದಲ್ಲಿ 365ರಿಂದ 235ಕ್ಕೆ ಇಳಿಯಿತು. ನೂರ ಮೂವತ್ತು ಕುದುರೆಗಳು ಬಹುಮಟ್ಟಿಗೆ ಕಾಗದದಲ್ಲೇ ಹುಟ್ಟಿ ಕಾಗದದಲ್ಲೇ ಸತ್ತಿದ್ದವು.

ರಸ್ತೆಯಲ್ಲೇ ಅಳತೆ

ಕಾರನ್ನು ಓಡಿಸಿಯೇ ಅಳೆಯುವ ಹಂಬಲವೂ ಹಳೆಯದೇ. 1898ರ ಡಿಸೆಂಬರ್ 18ರಂದು ಪ್ಯಾರಿಸ್ ಸಮೀಪದ ಅಶೆರ್‌ನಲ್ಲಿ ಗಾಸ್ತೋನ್ ದ ಶಾಸ್ಲೂ-ಲೋಬಾ ತನ್ನ ವಿದ್ಯುತ್ ಕಾರಿನಲ್ಲಿ ಒಂದು ಕಿ.ಮೀ. ದೂರವನ್ನು 57 ಸೆಕೆಂಡಿನಲ್ಲಿ ಕ್ರಮಿಸಿದ. ಗಂಟೆಗೆ 63 ಕಿ.ಮೀ. ವೇಗದ ಆ ಓಟ ಮೊದಲ ದಾಖಲೆಯಾಯಿತು. ಆದರೆ ಕೈಗಡಿಯಾರ ಒತ್ತುವವನ ಬೆರಳು ತಡವಾದರೆ ಲೆಕ್ಕ ಕೆಡುತ್ತದೆ. ಕಾರಿನ ಸ್ಪೀಡೋಮೀಟರನ್ನು ನೋಡುವುದೂ ಸರಿಯಲ್ಲ. ಅದು ನಿಜ ವೇಗಕ್ಕಿಂತ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಬಾರದು ಎಂಬುದೇ ಅಂತರರಾಷ್ಟ್ರೀಯ ನಿಯಮ.

ಹೀಗಾಗಿ ಪತ್ರಿಕೆಗಳ ಪರೀಕ್ಷಕರು ಕಾರಿನ ಹಿಂದೆ ಸೈಕಲ್ ಚಕ್ರದಂಥ ಐದನೇ ಚಕ್ರವೊಂದನ್ನು ಕಟ್ಟಿ ಓಡಿಸುತ್ತಿದ್ದರು. ಬ್ರಿಟನ್ನಿನಲ್ಲಿ ಟ್ಯಾಪ್ಲಿ ಮೀಟರ್ ಬಳಕೆಗೆ ಬಂತು. ಅದರೊಳಗಿನ ಲೋಲಕ ಕಾರು ಮುನ್ನುಗ್ಗಿದಾಗ ಹಿಂದಕ್ಕೆ ವಾಲುತ್ತದೆ. ಎಷ್ಟು ವಾಲಿತೋ ಅಷ್ಟು ಎಳೆತ. ಇಂದಿನ ಕಿಸೆ ಉಪಕರಣಗಳ ಅಜ್ಜ ಎಂದು ಇದನ್ನು ಕರೆಯಬಹುದು.

ಮೊಮ್ಮಗ ಹುಟ್ಟಿದ್ದು 1990ರ ದಶಕದಲ್ಲಿ. ಅಪಘಾತದ ಹೊಡೆತವನ್ನು ಅರಿತು ಏರ್‌ಬ್ಯಾಗ್ ಬಿಚ್ಚಲೆಂದು ಅಮೆರಿಕದ ಅನಲಾಗ್ ಡಿವೈಸಸ್ ಕಂಪನಿ ಸಿಲಿಕಾನ್ ಚಿಪ್ಪಿನ ಮೇಲೆಯೇ ವೇಗೋತ್ಕರ್ಷ ಮಾಪಕವನ್ನು ರೂಪಿಸಿತು. ಇಂಥ ಮಾಪಕಗಳು ಅಗ್ಗವಾದವು. ಗಾಜಿಗೆ ಅಂಟಿಸಿ, ಸಿಗರೇಟ್ ಲೈಟರಿನಿಂದ ವಿದ್ಯುತ್ ಪಡೆಯುವ ಜಿ-ಟೆಕ್ ಪ್ರೊ ಮಾದರಿಯ ಉಪಕರಣಗಳು ಮಾರುಕಟ್ಟೆಗೆ ಬಂದವು. ಮಾಲೀಕ ಕಾರಿನ ತೂಕ ತಿಳಿಸಿದರೆ ಸಾಕು, ಉಪಕರಣ ಅಶ್ವಶಕ್ತಿಯನ್ನು ಹೇಳತೊಡಗಿತು.

ಆಕಾಶದಿಂದ ಬಂದ ಉತ್ತರ

ಇನ್ನೊಂದು ದಾರಿ ತೆರೆದದ್ದು ದುರಂತದಿಂದ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ 269 ಜನ ಸತ್ತರು. ಅಮೆರಿಕದ ಸೇನೆ ಕಟ್ಟುತ್ತಿದ್ದ ಜಿಪಿಎಸ್ ಉಪಗ್ರಹ ವ್ಯವಸ್ಥೆಯನ್ನು ನಾಗರಿಕರಿಗೂ ಕೊಡುವುದಾಗಿ ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿತು. ಆದರೆ ನಾಗರಿಕರ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸಲಾಗಿತ್ತು. 2000ದ ಮೇ ತಿಂಗಳಲ್ಲಿ ಆ ಕಲಬೆರಕೆ ನಿಂತಿತು. ಬ್ರಿಟನ್ನಿನ ರೇಸ್‌ಲಾಜಿಕ್‌ನಂಥ ಕಂಪನಿಗಳು ಉಪಗ್ರಹ ಸಂಕೇತದ ಕಂಪನಾಂಕದಲ್ಲಿ ಆಗುವ ಬದಲಾವಣೆಯಿಂದ ವೇಗವನ್ನು ಸೆಕೆಂಡಿಗೆ ಹತ್ತು, ಇಪ್ಪತ್ತು ಬಾರಿ ಅಳೆಯುವ ಪೆಟ್ಟಿಗೆಗಳನ್ನು ತಂದವು. ಮುಂದೆ ಬೆಂಕಿಪೊಟ್ಟಣದಷ್ಟು ಸಾಧನಗಳು ಮೊಬೈಲ್ ಫೋನಿಗೆ ಜೊತೆಯಾದವು.

ಒಂದು ಡಿಗ್ರಿಯ ಬೆಲೆ

ಹಾಗಾದರೆ ಯಾವುದನ್ನು ಆರಿಸಬೇಕು? ಒಂದು ಸಣ್ಣ ಲೆಕ್ಕ ಉತ್ತರ ಹೇಳುತ್ತದೆ. ತೂಕ, ವೇಗ ಮತ್ತು ವೇಗೋತ್ಕರ್ಷ ಇವುಗಳ ಗುಣಲಬ್ಧವೇ ಶಕ್ತಿ. ಸಾವಿರ ಕೆ.ಜಿ.ಯ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ, ಸೆಕೆಂಡಿಗೆ ಎರಡು ಮೀಟರಿನಂತೆ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ, ಆ ಕೆಲಸಕ್ಕೆ ಸುಮಾರು 54 ಅಶ್ವಶಕ್ತಿ ಬೇಕು. ಗಾಳಿಯ ತಡೆ ಬೇರೆ.

ಜೋರಾಗಿ ಹೊರಟ ಕಾರಿನ ಮೂತಿ ತುಸು ಮೇಲೇಳುತ್ತದೆ. ಅದು ಒಂದೇ ಡಿಗ್ರಿ ಎದ್ದರೂ ಚಿಪ್ ಮಾಪಕಕ್ಕೆ ಭೂಮಿಯ ಸೆಳೆತವೂ ವೇಗವಾಗಿಯೇ ಕಂಡು, ನಾಲ್ಕೂವರೆಗೂ ಹೆಚ್ಚು ಕುದುರೆ ಸುಳ್ಳಾಗಿ ಸೇರುತ್ತದೆ. ಉಪಗ್ರಹ ಸಾಧನಕ್ಕೆ ಈ ಭ್ರಮೆಯಿಲ್ಲ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ಸಾಲುಮರ, ಮೇಲ್ಸೇತುವೆಗಳ ಅಡಿಯಲ್ಲಿ ಅದು ತಡವರಿಸುತ್ತದೆ. ಕಾರಿನ ಕಂಪ್ಯೂಟರಿಗೆ ಚುಚ್ಚುವ ಮೂರನೇ ಬಗೆಯ ಸಾಧನ ಚಕ್ರದ ಮಾತನ್ನೇ ನಂಬುತ್ತದೆ. ಚಕ್ರ ಜಾರಿದರೆ, ಟೈರಿನ ಅಳತೆ ಬದಲಾಗಿದ್ದರೆ ಅದೂ ಮೋಸಹೋಗುತ್ತದೆ.

ಕೆಲವು ತಪ್ಪುಗಳನ್ನು ಯಾವ ಸಾಧನವೂ ತಾನಾಗಿ ಸರಿಪಡಿಸದು. 70 ಕೆ.ಜಿ. ತೂಕದ ಗೆಳೆಯ ಪಕ್ಕದಲ್ಲಿ ಕುಳಿತದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸುಮಾರು ನಾಲ್ಕು ಕುದುರೆ ಮಾಯ. ನೂರಕ್ಕೆ ಒಂದರ ಇಳಿಜಾರು ಇದ್ದರೆ ಎರಡೂವರೆಗೂ ಮೀರಿ ಲಾಭ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನ ಗಾಳಿ ಮಂಗಳೂರಿಗಿಂತ ತೆಳು. ಟರ್ಬೊ ಇಲ್ಲದ ಎಂಜಿನ್ ಘಟ್ಟ ಹತ್ತುವಷ್ಟರಲ್ಲಿ ಶೇಕಡ ಎಂಟೊಂಬತ್ತು ಶಕ್ತಿ ಕಳೆದುಕೊಂಡಿರುತ್ತದೆ. ಹೊಸ ಏರ್ ಫಿಲ್ಟರ್ ಕೊಡುವ ಲಾಭ ಎರಡು ಮೂರು ಕುದುರೆಯಷ್ಟೇ ಆಗಿದ್ದರೆ, ಅದು ಈ ತಪ್ಪುಗಳ ರಾಶಿಯಲ್ಲಿ ಹೂತುಹೋಗುತ್ತದೆ.

ಇದಕ್ಕೆ ಪರಿಹಾರ ದಾಖಲೆಗಾರರ ನಿಯಮದಲ್ಲಿದೆ. ಭೂವೇಗದ ದಾಖಲೆ ಒಪ್ಪಿತವಾಗಬೇಕಾದರೆ ಒಂದು ಗಂಟೆಯೊಳಗೆ ಎದುರುಬದುರು ದಿಕ್ಕಿನಲ್ಲಿ ಎರಡು ಬಾರಿ ಓಡಬೇಕು. ಸರಾಸರಿಯೇ ಉತ್ತರ. 1997ರಲ್ಲಿ ಶಬ್ದದ ವೇಗವನ್ನು ಮೀರಿದ ಥ್ರಸ್ಟ್ ಎಸ್‌ಎಸ್‌ಸಿ ಕಾರಿಗೂ ಇದೇ ನಿಯಮ. ಮಾಲೀಕನೂ ಬದಲಾವಣೆಗೆ ಮೊದಲು ಒಮ್ಮೆ, ನಂತರ ಒಮ್ಮೆ, ಅದೇ ಜಾಗದಲ್ಲಿ, ಅದೇ ತೂಕದಲ್ಲಿ, ಎರಡೂ ದಿಕ್ಕಿಗೆ ಹಲವು ಬಾರಿ ಓಡಿಸಿ ಸರಾಸರಿ ತೆಗೆಯಬೇಕು. ಆ ಜಾಗ ಮುಚ್ಚಿದ ಟ್ರ್ಯಾಕ್ ಆಗಿರಬೇಕೇ ಹೊರತು ಊರಿನ ರಸ್ತೆಯಲ್ಲ. ದಾರಿಹೋಕರ ಜೀವವನ್ನು ಪಣಕ್ಕಿಟ್ಟು ತಿಳಿಯುವಂಥ ಅಂಕಿ ಯಾವುದೂ ಇಲ್ಲ.

ತೆರೆದ ಟ್ರ್ಯಾಕ್ ಸಿಗುವವರಿಗೆ ಉಪಗ್ರಹ ಸಾಧನವೇ ಮೇಲು. ಆದರೆ ಎರಡೂವರೆ ಶತಮಾನಗಳಿಂದ ನಡೆದುಬಂದ ಪಾಠ ಒಂದೇ: ಮಾರುವವನು ಹೇಳಿದ ಕುದುರೆಗಳನ್ನು ಕೊಳ್ಳುವವನು ಎಣಿಸಿ ನೋಡಬೇಕು. ಆ ತಕ್ಕಡಿ ಈಗ ಮಾಲೀಕನ ಜೇಬಿಗೆ ಬಂದಿದೆ. ತೂಗುವ ತಾಳ್ಮೆಯನ್ನು ಮಾತ್ರ ಅವನೇ ತರಬೇಕು.