ಅನ್ನವೂ ವೃತ್ತಿ, ಕಸುಬೂ ವೃತ್ತಿ

ಬೆಂಗಳೂರಿನ ಹೂಡಿಯಲ್ಲಿ ವೈಟ್‌ಫೀಲ್ಡ್ ಕಡೆಯ ಮೆಟ್ರೊ ಹತ್ತಿದರೆ ಐದನೆಯ ನಿಲ್ದಾಣ ಪಟ್ಟಂದೂರು ಅಗ್ರಹಾರ. ಐಟಿಪಿಎಲ್ ಎಂಬ ಟೆಕ್ ಪಾರ್ಕಿಗೆ ಹೋಗುವವರು ಇಳಿಯುವುದು ಅಲ್ಲೇ. ಕೊರಳಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡ ಇವರನ್ನು ನಾವು ‘ವೃತ್ತಿಪರರು’ ಎನ್ನುತ್ತೇವೆ. ಅಗ್ರಹಾರವೆಂದರೂ ವೃತ್ತಿಗಳಾಗಿ ಹಂಚಿದ ಊರೇ. ಆದರೆ ಆ ವೃತ್ತಿ ಮಾಡುವ ಕೆಲಸವಲ್ಲ, ಓದುವವನಿಗೆ ಊಟ ಹಾಕುತ್ತಿದ್ದ ಹೊಲ.

ಮೂಲ ಸಂಸ್ಕೃತದ ‘ವೃತ್’ ಧಾತು: ಸುತ್ತು, ಇರು, ನಡೆ. ವೃತ್ತ, ಆವೃತ್ತಿ, ವರ್ತನೆ, ವರ್ತಮಾನ, ನಿವೃತ್ತಿ ಎಲ್ಲವೂ ಒಂದೇ ಮನೆಯವು. ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳಿಗೆ ತಾನೇ ಬರೆದ ವಿವರಣೆಗೂ ವೃತ್ತಿ ಎಂದೇ ಹೆಸರು, ಸೂತ್ರ ನಡೆಯುವ ಬಗೆಯನ್ನು ಅದು ತೋರಿಸುತ್ತದೆ. ಯೋಗದವರಿಗೆ ಮನಸ್ಸಿನ ಓಡಾಟ ಚಿತ್ತವೃತ್ತಿ. ಹಾಗೆಯೇ ಬದುಕು ನಡೆಯುವುದಕ್ಕೆ ಬೇಕಾದ ಆಸರೆಯೂ ವೃತ್ತಿಯಾಯಿತು. ನಮ್ಮ ಶಾಸನಗಳಲ್ಲಿ ಸಾಲುಸಾಲಾಗಿ ಸಿಗುವುದು ಈ ಅರ್ಥ. ಅರಸನೋ ದಂಡನಾಯಕನೋ ಊರೊಂದನ್ನು ಇಷ್ಟು ವೃತ್ತಿಗಳೆಂದು ಭಾಗ ಮಾಡಿ ಓದು ಬಲ್ಲವರಿಗೆ ಬಿಟ್ಟುಕೊಡುತ್ತಿದ್ದ.

ಓದಿಗೆ ಹಣ ಹೊಂದಿಸುವ ಲೆಕ್ಕಾಚಾರ ಎಷ್ಟು ಹಳೆಯದೆಂದು ತಿಳಿಯಲು ವಿಜಯಪುರ ಜಿಲ್ಲೆಯ ಸಾಲೋಟಗಿಗೆ ಹೋಗಬೇಕು. ಊರಿನ ಹೆಸರಲ್ಲೇ ಶಾಲೆ ಅಡಗಿದೆ; ‘ಶಾಲಾ ಪಾವಿಟ್ಟಗೆ’ ಸವೆದು ಸಾಲೋಟಗಿಯಾಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ಕಂಬಶಾಸನ 945ರದು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳು, ಖರ್ಚಿಗೆ 500 ನಿವರ್ತನ ಭೂಮಿ, ಗುರುವಿಗೆ 50, ದೀಪದೆಣ್ಣೆಗೇ ಬೇರೆಯಾಗಿ 12 ನಿವರ್ತನ. ಸಾಲದ್ದಕ್ಕೆ ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಮತ್ತೂ ಅರ್ಧ. ಭೂಮಿಯ ಅಳತೆಯಾದ ‘ನಿವರ್ತನ’ವೂ ಅದೇ ‘ವೃತ್’ ಧಾತುವಿನ ಕೂಸು ಎಂಬುದು ಪದಪ್ರಿಯರಿಗೆ ಸಿಗುವ ಕೊಸರು.

ಇದನ್ನು ಓದಿ ‘ಆಹಾ, ನಮ್ಮ ಹಿರಿಯರು!’ ಎಂದು ಹಿಗ್ಗುವ ಮೊದಲು ತುಸು ತಡೆಯಬೇಕು. ಅಗ್ರಹಾರದ ವೃತ್ತಿ ಸಿಗುತ್ತಿದ್ದುದು ಒಂದು ಜಾತಿಯ ಗಂಡಸರಿಗೆ. ಹೊಲ ಉತ್ತವರು ಬೇರೆಯವರು. ಕಾಲ ಕಳೆದಂತೆ ವೃತ್ತಿ ಮಕ್ಕಳಿಗೆ ಪಾಲಾಯಿತು, ಅರ್ಧ ವೃತ್ತಿ, ಕಾಲು ವೃತ್ತಿಯಾಗಿ ಒಡೆಯಿತು, ಒತ್ತೆ ಬಿತ್ತು, ಮಾರಾಟವಾಯಿತು. ಓದು ಹೋಗಿ ಹೊಲ ಉಳಿಯಿತು.

ಆಮೇಲೆ ಪದ ಮಗ್ಗುಲು ಬದಲಿಸಿತು. ಬದುಕಿಗೆ ಆಧಾರ ಎಂಬ ಅರ್ಥ ಜಾರಿ, ಬದುಕಲು ಮಾಡುವ ಕೆಲಸ ಎಂಬ ಅರ್ಥ ಗಟ್ಟಿಯಾಯಿತು. ವೃತ್ತಿ ರಂಗಭೂಮಿ, ವೃತ್ತಿ ತೆರಿಗೆ, ವೃತ್ತಿಪರ ಕೋರ್ಸು ಎಲ್ಲ ಈ ಸಾಲಿನವು. ಬಂಗಾಳಿಯಲ್ಲಿ ಹೀಗಾಗಲಿಲ್ಲ, ಅಲ್ಲಿ ವಿದ್ಯಾರ್ಥಿಗೆ ಸಿಗುವ ಹಣ ಇಂದಿಗೂ ವೃತ್ತಿಯೇ (ಅವರ ಬಾಯಲ್ಲಿ ‘ಬೃತ್ತಿ’). ಹಿಂದಿಗೆ ಛಾತ್ರವೃತ್ತಿ, ಮರಾಠಿಗೆ ಶಿಷ್ಯವೃತ್ತಿ. ನಾವು ಮಾತ್ರ ‘ವಿದ್ಯಾರ್ಥಿವೇತನ’ ಹಿಡಿದುಕೊಂಡೆವು. ವೇತನವೆಂದರೆ ದುಡಿಮೆಯ ಕೂಲಿ. ಅದನ್ನು ನಂಬಿ ಬದುಕುವವರಿಗೆಂದು ಪಾಣಿನಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ.

ಪೇಚು ಇರುವುದು ಇಲ್ಲೇ. ಸಂಶೋಧನೆಯ ಫೆಲೋಶಿಪ್ಪು ಹೆಸರಿಗಷ್ಟೇ ವೇತನ. ಅದಕ್ಕೆ ಪಿಎಫ್ ಇಲ್ಲ, ಬಡ್ತಿ ಇಲ್ಲ. ಹೋಗಲಿ, ವೃತ್ತಿ ಎನ್ನೋಣವೆಂದರೆ ಅವಧಿ ಮುಗಿದ ಮರುದಿನ ನಿಂತುಹೋಗುತ್ತದೆ. ಉದಾಹರಣೆಗೆ, ಐಟಿಪಿಎಲ್ ಆವರಣದಲ್ಲೇ 2002ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಇದೆ. ಮನುಷ್ಯದೇಹದ ಪ್ರೋಟೀನುಗಳ ಕರಡು ನಕ್ಷೆ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೆ ಅದರ ಹೆಸರೂ ಇತ್ತು. 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿದ ಆ ಕೆಲಸಕ್ಕೆ ಕೈಹಾಕಿದವರಲ್ಲಿ ಇಲ್ಲಿನ ಯುವ ಸಂಶೋಧಕರು ಹಲವರು. ಇಂಥವರ ಅನ್ನದ ದಾರಿ ನೋಡಿ: ಎರಡು ವರ್ಷ ಕಿರಿಯ ಸಂಶೋಧನಾ ಫೆಲೋಶಿಪ್ಪು (ಜೆಆರ್‌ಎಫ್), ಮೂರು ವರ್ಷ ಹಿರಿಯ ಫೆಲೋಶಿಪ್ಪು (ಎಸ್‌ಆರ್‌ಎಫ್). ದೇಶದ ಸಂಶೋಧಕರು ಪದೇ ಪದೇ ಬೀದಿಗಿಳಿದ ಮೇಲೆ 2023ರಲ್ಲಿ ಈ ಮೊತ್ತಗಳು ತಿಂಗಳಿಗೆ 37,000 ಮತ್ತು 42,000 ರೂಪಾಯಿಗೆ ಏರಿದವು, ಮನೆಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಮುಗಿದು ರಿಸರ್ಚ್ ಅಸೋಸಿಯೇಟ್ ಆದರೆ ಮೊದಲ ಹಂತಕ್ಕೆ 58,000.

ಅಂಕಿ ಕೇಳಲು ಪರವಾಗಿಲ್ಲ. ತೊಡಕು ಒಂದು ನೆರವಿಗೂ ಮುಂದಿನದಕ್ಕೂ ನಡುವಿನ ಕಂದಕದಲ್ಲಿದೆ. ಜೀವಕೋಶಗಳಿಗೆ ಸರ್ಕಾರಿ ಆದೇಶ ಗೊತ್ತಿಲ್ಲ. ಪ್ರಯೋಗ ಕೈಕೊಟ್ಟರೆ ಆರನೆಯ ವರ್ಷ ಬಂದೇ ಬರುತ್ತದೆ, ಐದು ವರ್ಷದ ಫೆಲೋಶಿಪ್ಪು ಅದಕ್ಕೆ ಕಾಯುವುದಿಲ್ಲ. ಪ್ರಬಂಧ ಒಪ್ಪಿಸಿ, ಮೌಲ್ಯಮಾಪನ ಮುಗಿದು, ಪಿಎಚ್‌ಡಿ ನಂತರದ ಸಂಶೋಧನೆಯ ಅವಕಾಶ (ಪೋಸ್ಟ್‌ಡಾಕ್) ಸಿಗುವತನಕ ಪಿಜಿಯ ಬಾಡಿಗೆ ಯಾರು ಕಟ್ಟಬೇಕು? ಒಳ್ಳೆಯ ತಲೆಗಳು ಕಂಪನಿಯ ಕಡೆ ತಿರುಗುವುದು ಬಹುಪಾಲು ಈ ತಿಂಗಳುಗಳಲ್ಲೇ. ಅವರನ್ನು ದೂರುವುದು ನ್ಯಾಯವಲ್ಲ.

ಕಂದಕಕ್ಕೆ ಸೇತುವೆ ಹಾಕಿದವರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕೊಡುವ ಎಫ್99/ಕೆ00 ಎಂಬ ನೆರವು ಪಿಎಚ್‌ಡಿಯ ಕೊನೆಯ ಒಂದೆರಡು ವರ್ಷಕ್ಕೂ ಮುಂದಿನ ನಾಲ್ಕು ವರ್ಷದವರೆಗಿನ ಪೋಸ್ಟ್‌ಡಾಕ್‌ಗೂ ಒಂದೇ ಹೆಣಿಗೆ. ನಮ್ಮಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ 2008ರಲ್ಲಿ ಕೈಜೋಡಿಸಿ ಕಟ್ಟಿದ ‘ಇಂಡಿಯಾ ಅಲೈಯನ್ಸ್’, ಪಿಎಚ್‌ಡಿಯ ಕೊನೆಯ ವರ್ಷದಲ್ಲಿರುವವರಿಗೂ ಅರ್ಜಿ ಹಾಕಲು ಬಾಗಿಲು ತೆರೆಯಿತು; ಗೆದ್ದವರಿಗೆ ಐದು ವರ್ಷ ಸಂಬಳವೂ ಸಂಶೋಧನೆಯ ಖರ್ಚೂ ಸಿಗುತ್ತದೆ. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಇದರ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 1,500 ಕೋಟಿ ರೂಪಾಯಿ. ಸಾವಿರ ಕೋಟಿ ನಮ್ಮದು, ಉಳಿದದ್ದು ವೆಲ್‌ಕಮ್‌ನದು. ಸಂಪುಟ ಒಪ್ಪಿದ ಆ ಯೋಜನೆಯ ಇಂಗ್ಲಿಷ್ ಹೆಸರಿನಲ್ಲಿರುವ ‘ಕೆರಿಯರ್’ಗೆ ಕನ್ನಡದಲ್ಲಿ ವೃತ್ತಿ ಎನ್ನದೆ ವಿಧಿಯಿಲ್ಲ. ಅನ್ನ ಮತ್ತು ಕಸುಬು ಎರಡೂ ಅರ್ಥ ಒಟ್ಟಿಗೆ ನಿಜವಾಗುವ ಅಪರೂಪದ ಜಾಗ ಅದು. ಆದರೆ ಸ್ಪರ್ಧೆ ಬಿಗಿ, ಸಿಗುವುದು ಕೆಲವರಿಗೆ. ಮಿಕ್ಕವರಿಗೆ ಹಳೆಯ ಕಂದಕವೇ ಗತಿ.

ಪತ್ರಿಕೆಗಳ ಸುದ್ದಿಮನೆಯವರಲ್ಲೂ ವಿಶ್ವವಿದ್ಯಾಲಯಗಳ ಪ್ರಕಟಣೆ ಬರೆಯುವವರಲ್ಲೂ ಒಂದು ಕೋರಿಕೆ. ಪಿಎಚ್‌ಡಿ ಆಚೆಗಿನ ಫೆಲೋಶಿಪ್ಪನ್ನು ‘ವಿದ್ಯಾರ್ಥಿವೇತನ’ ಎಂದು ಬರೆಯಬೇಡಿ. ಆ ಹೊತ್ತಿಗೆ ಅವರು ವಿದ್ಯಾರ್ಥಿಗಳೂ ಅಲ್ಲ, ಅದು ವೇತನವೂ ಅಲ್ಲ. ‘ಸಂಶೋಧನಾವೃತ್ತಿ’ ಎನ್ನಿ. ಪಕ್ಕದ ಮೇಜಿನ ಬಂಗಾಳಿ ಗೆಳೆಯನಿಗೂ ತಿಳಿಯುತ್ತದೆ.